ಖಾಲಿ ಬಿಡಲಾಗದ ಅಂಕಣ

ಕೆಲವು ವರ್ಷಗಳ ಹಿಂದಿನ ಮಾತು. ಚೆನ್ನೈನಲ್ಲಿ ನಾನು ಆಗ ಕೆಲಸ ಮಾಡುತ್ತಿದ್ದ ಕಚೇರಿಯ ಮುನ್ನೂರಕ್ಕೂ ಹೆಚ್ಚು ನೌಕರರ ವಿವರಗಳನ್ನು ಹೊಸದೊಂದು ಗಣಕ ಡೈರೆಕ್ಟರಿಗೆ ಸೇರಿಸಬೇಕಾಗಿತ್ತು. ಮುಂದೆ ಮಿಂಚಂಚೆ, ಹಾಜರಿ, ಸಂಬಳ ಈ ಮೂರೂ ವ್ಯವಸ್ಥೆಗಳು ನಮ್ಮ ಹೆಸರು, ಹುದ್ದೆಗಳನ್ನು ಆ ಡೈರೆಕ್ಟರಿಯಿಂದಲೇ ತಾವಾಗಿ ಪಡೆದುಕೊಳ್ಳುವುವು ಎಂದು ನಮಗೆ ತಿಳಿಸಲಾಗಿತ್ತು. ಇಂಗ್ಲಿಷ್ ಎಂ.ಎ. ಮಾಡಿದವನಿಗೆ ಹೆಸರುಗಳ ಕಾಗುಣಿತವಾದರೂ ತಿಳಿದಿದ್ದೀತು ಎಂಬ ಭರವಸೆಯಿಂದಲೋ ಏನೋ, ಪಟ್ಟಿ ಸಿದ್ಧಪಡಿಸುವ ಹೊಣೆ ನನ್ನ ಪಾಲಿಗೆ ಬಂತು. ಗುತ್ತಿಗೆಯ ಮೇಲೆ ಬಂದಿದ್ದ ಯುವಕನೊಬ್ಬ ನನ್ನ ಪಟ್ಟಿಯನ್ನು ಓದಿ ಒಂದೊಂದು ಸಾಲನ್ನೂ ಡೈರೆಕ್ಟರಿಗೆ ಸೇರಿಸುವ ಪುಟ್ಟ ಸ್ಕ್ರಿಪ್ಟೊಂದನ್ನು ಬರೆದ. ಕಪ್ಪು ಪರದೆಯ ಮೇಲೆ ಆಜ್ಞೆ ಟೈಪು ಮಾಡಿ ಎಂಟರ್ ಒತ್ತಿದ. ನಾಲ್ಕನೆಯ ಹೆಸರಿಗೇ ಕೆಲಸ ನಿಂತಿತು.

ಪರದೆ ಹೇಳಿದ್ದಿಷ್ಟು: 'ವ್ಯಕ್ತಿ' ಎಂಬ ವರ್ಗಕ್ಕೆ 'ಎಸ್‌ಎನ್' ಎಂಬ ಗುಣ ಕಡ್ಡಾಯ. ಎಸ್‌ಎನ್ ಎಂದರೆ ಸರ್‌ನೇಮ್, ಕುಲನಾಮ ಅಥವಾ ಮನೆತನದ ಹೆಸರು. ನಾಲ್ಕನೆಯವರಿಗೆ ಅದು ಇರಲಿಲ್ಲ. ತಪ್ಪು ಬಂದರೂ ನಿಲ್ಲದೆ ಮುಂದುವರಿಯಲು ಆಜ್ಞೆಯ ಜೊತೆಗೆ 'ಸಿ' ಎಂಬ ಒಂದಕ್ಷರದ ಸೂಚನೆ ಕೊಟ್ಟರಾಯಿತು, ಯುವಕ ಕೊಟ್ಟ. ಆಮೇಲೆ ನೋಡಿದರೆ ಉತ್ತರ ಭಾರತದಿಂದ ವರ್ಗವಾಗಿ ಬಂದವರು, ಆಂಧ್ರದವರು, ಒಬ್ಬ ಧಾರವಾಡದವರು ಒಳಗೆ ಹೋಗಿದ್ದರು. ತಮಿಳು ಸಹೋದ್ಯೋಗಿಗಳಲ್ಲಿ ಬಹುಪಾಲು ಜನ, ಜೊತೆಗೆ ಹಳೆಯ ಮೈಸೂರಿನ ಸೀಮೆಯ ನಾನು, ಹೊರಗೇ ಉಳಿದಿದ್ದೆವು. ಡೈರೆಕ್ಟರಿಯ ಮಟ್ಟಿಗೆ ನಾವು ವ್ಯಕ್ತಿಗಳೇ ಆಗಿರಲಿಲ್ಲ.

ಈ ಕಡ್ಡಾಯವನ್ನು ಯಾರು, ಯಾವಾಗ ಮಾಡಿದರು ಎಂಬ ಕುತೂಹಲ ಅಂದು ಹುಟ್ಟಿದ್ದು. ಹುಡುಕುತ್ತ ಹೋದಾಗ ತಿಳಿದ ಸಂಗತಿಯೆಂದರೆ, ಮೊದಲು ಅದು ಹಾಗಿರಲಿಲ್ಲ.

1970ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ಯೂನಿಕ್ಸ್ ವ್ಯವಸ್ಥೆಯಲ್ಲಿ ಬಳಕೆದಾರರ ಇಡೀ ಲೆಕ್ಕ ಒಂದೇ ಸರಳ ಪಠ್ಯಕಡತದಲ್ಲಿ ಇರುತ್ತಿತ್ತು. ಆ ಪಾಸ್‌ವರ್ಡ್ ಕಡತ ಇಂದಿನ ಲಿನಕ್ಸ್ ಗಣಕಗಳಲ್ಲಿಯೂ ಉಳಿದಿದೆ. ಒಬ್ಬರಿಗೆ ಒಂದು ಸಾಲು. ಸಾಲಿನಲ್ಲಿ ಕೋಲನ್ ಚಿಹ್ನೆಗಳಿಂದ ಬೇರ್ಪಟ್ಟ 7 ಅಂಕಣಗಳು. ಅದರಲ್ಲಿ ಐದನೆಯದಕ್ಕೆ 'ಜಿಕೋಸ್' ಎಂಬ ವಿಚಿತ್ರ ಹೆಸರು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಬೇರೊಂದು ಯಂತ್ರಕ್ಕೆ ಮುದ್ರಣದ ಕೆಲಸ ಕಳಿಸುವಾಗ ಬೇಕಾಗುತ್ತಿದ್ದ ಗುರುತನ್ನು ಅಲ್ಲಿ ತುರುಕಿಡುತ್ತಿದ್ದರಂತೆ. ಆ ಯಂತ್ರ ಮೂಲೆಗೆ ಸೇರಿದ ಮೇಲೆ ಅಂಕಣ ಮನುಷ್ಯನ ಪೂರ್ಣ ಹೆಸರಿಗೆ ಮೀಸಲಾಯಿತು. ಮೊದಲ ಹೆಸರು, ಕೊನೆಯ ಹೆಸರು ಎಂಬ ವಿಭಜನೆ ಅಲ್ಲಿಲ್ಲ. ಏನು ಬರೆದರೂ ನಡೆಯುತ್ತದೆ, ಬರೆಯದಿದ್ದರೂ ನಡೆಯುತ್ತದೆ. ನಮ್ಮ ಹಳ್ಳಿಯ ಶಾಲೆಯ ಹಾಜರಿ ಪುಸ್ತಕದಲ್ಲಿ ಮೇಷ್ಟರು ಬರೆದುಕೊಳ್ಳುತ್ತಿದ್ದ ರೀತಿಯೂ ಇದೇ ಅಲ್ಲವೇ?

ತೊಂದರೆ ಎದುರಾದದ್ದು ಯಂತ್ರಗಳ ಸಂಖ್ಯೆ ಹೆಚ್ಚಿದಾಗ. ಒಂದು ವಿಭಾಗದಲ್ಲಿ 20 ಗಣಕಗಳಿದ್ದರೆ 20 ಪಾಸ್‌ವರ್ಡ್ ಕಡತಗಳು. ಹೊಸಬರು ಬಂದರೆ ಇಪ್ಪತ್ತು ಕಡೆ ಸೇರಿಸಬೇಕು, ಹೋದವರನ್ನು ಇಪ್ಪತ್ತು ಕಡೆ ತೆಗೆಯಬೇಕು. ಒಂದು ಕಡೆ ಮರೆತರೆ, ಬಿಟ್ಟುಹೋದವನು ಆ ಒಂದು ಯಂತ್ರದಲ್ಲಿ ಹಾಗೆಯೇ ಜೀವಂತ. ಹೀಗಾಗಿ ನಿರ್ವಾಹಕರು ಒಂದು ಯಂತ್ರದ ಕಡತವನ್ನು ಮೂಲಪ್ರತಿಯೆಂದು ಇಟ್ಟುಕೊಂಡು, ಅದನ್ನು ರಾತ್ರಿ ಉಳಿದ ಯಂತ್ರಗಳಿಗೆ ನಕಲು ಮಾಡುವ ಸ್ಕ್ರಿಪ್ಟುಗಳನ್ನು ಬರೆದುಕೊಂಡರು. ಇಂದು ನಾವು ಗುರುತಿನ ದತ್ತಾಂಶದ ಸಮನ್ವಯ ಎಂದು ದೊಡ್ಡ ಹೆಸರಿನಿಂದ ಕರೆಯುವ ಕ್ರಿಯೆಯ ಮೂಲ ಇಷ್ಟೇ. ಯಾವುದು ಮೂಲ, ಯಾವುದು ನಕಲು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳುವುದು. ಬಳಿಕ ನಕಲುಗಳು ಮೂಲವನ್ನು ಬಿಟ್ಟು ದೂರ ಸರಿಯದಂತೆ ನೋಡಿಕೊಳ್ಳುವುದು.

1985ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ಈ ಕೆಲಸಕ್ಕೆಂದೇ ಒಂದು ವ್ಯವಸ್ಥೆಯನ್ನು ತಂದು, ದೂರವಾಣಿ ಕೈಪಿಡಿಯ ನೆನಪಿನಿಂದ ಅದಕ್ಕೆ 'ಯೆಲ್ಲೋ ಪೇಜಸ್' ಎಂದು ನಾಮಕರಣ ಮಾಡಿತು. ಆ ಹೆಸರು ಬ್ರಿಟನ್ನಿನಲ್ಲಿ ಬ್ರಿಟಿಷ್ ಟೆಲಿಕಾಮ್ ಸಂಸ್ಥೆಯ ನೋಂದಾಯಿತ ಸ್ವತ್ತಾಗಿದ್ದುದರಿಂದ 'ಎನ್‌ಐಎಸ್' ಎಂದು ಬದಲಾಯಿಸಬೇಕಾಯಿತು. ಹೆಸರು ಹೋದರೂ ಆಜ್ಞೆಗಳ ಆರಂಭದ 'ವೈಪಿ' ಎಂಬ ಎರಡಕ್ಷರ ಮಾತ್ರ ಹೋಗಲಿಲ್ಲ. ಪ್ರತಿಯೊಂದು ಸ್ಕ್ರಿಪ್ಟಿನಲ್ಲಿಯೂ ಅವು ಬೇರುಬಿಟ್ಟಿದ್ದವು. ಹೆಸರುಗಳನ್ನು ನಿರ್ವಹಿಸಲು ಹುಟ್ಟಿದ ಸಾಧನ ತನ್ನ ಹೆಸರನ್ನೇ ಬದಲಿಸಿಕೊಳ್ಳಲಾರದೆ ಇನಿಷಿಯಲ್ಲನ್ನು ಹೊತ್ತುಕೊಂಡು ಉಳಿದ ಈ ಪ್ರಸಂಗ ತಮಿಳುನಾಡಿನಲ್ಲಿ ಕುಳಿತು ಓದುವವನಿಗೆ ನಗು ತರಿಸದೆ ಇರದು.

ಕುಲನಾಮ ಕಡ್ಡಾಯವಾದದ್ದು ಇದರ ಮುಂದಿನ ಹೆಜ್ಜೆಯಲ್ಲಿ. ಜಗತ್ತಿನ ದೂರವಾಣಿ ಆಡಳಿತಗಳು ಸೇರಿ 1988ರಲ್ಲಿ 'ಎಕ್ಸ್.500' ಎಂಬ ಡೈರೆಕ್ಟರಿ ಮಾನದಂಡವನ್ನು ಪ್ರಕಟಿಸಿದವು. ಭೂಮಿಯ ಮೇಲಿನ ಯಾವುದೇ ದೇಶದ ಯಾವುದೇ ಸಂಸ್ಥೆಯ ಯಾವುದೇ ವ್ಯಕ್ತಿಯನ್ನು ಒಂದೇ ವೃಕ್ಷದಲ್ಲಿ ಹುಡುಕಬಹುದಾದ ಮಹಾ ಕೈಪಿಡಿಯೊಂದರ ಕನಸು ಅದು. ಅದರಲ್ಲಿ ವ್ಯಕ್ತಿ ಎಂಬ ವರ್ಗಕ್ಕೆ ಎರಡೇ ಎರಡು ಕಡ್ಡಾಯ ಗುಣಗಳು: ಬಳಕೆಯ ಹೆಸರು ಮತ್ತು ಕುಲನಾಮ. ದೂರವಾಣಿ ಸಂಖ್ಯೆ ಐಚ್ಛಿಕ, ಗುಪ್ತಪದ ಐಚ್ಛಿಕ, ಕುಲನಾಮ ಮಾತ್ರ ಬೇಕೇ ಬೇಕು. ದೂರವಾಣಿ ಪುಸ್ತಕದಲ್ಲಿ ಜನರನ್ನು ಕುಲನಾಮದ ಅಕಾರಾದಿಯಲ್ಲಿ ಜೋಡಿಸುವ ಪಶ್ಚಿಮದ ರೂಢಿ ಅವರ ಕಣ್ಣ ಮುಂದಿತ್ತೆಂದು ಊಹಿಸುವುದು ಕಷ್ಟವಲ್ಲ. ಇದರಲ್ಲಿ ದುರುದ್ದೇಶವೇನೂ ನನಗೆ ಕಾಣುವುದಿಲ್ಲ. ಕುಲನಾಮವಿಲ್ಲದ ಮನುಷ್ಯರಿರಬಹುದೆಂಬ ಆಲೋಚನೆ ಆ ಮೇಜಿನ ಸುತ್ತ ಮೇಲುಗೈ ಪಡೆಯಲಿಲ್ಲ, ಅಷ್ಟೇ.

ಎಕ್ಸ್.500 ಅತಿ ಭಾರವಾದ ವ್ಯವಸ್ಥೆಯಾಗಿತ್ತು. ಅದನ್ನು ಹಗುರಗೊಳಿಸಲು ಮಿಷಿಗನ್ ವಿಶ್ವವಿದ್ಯಾಲಯದ ಟಿಮ್ ಹೋವ್ಸ್ ಮತ್ತು ಸಂಗಡಿಗರು 1993ರಲ್ಲಿ 'ಎಲ್‌ಡ್ಯಾಪ್' ಎಂಬ ನಿಯಮಾವಳಿಯನ್ನು ರೂಪಿಸಿದರು. ಅನೇಕ ಸಂಗತಿಗಳನ್ನು ಕೈಬಿಟ್ಟ ಅವರು ವ್ಯಕ್ತಿವರ್ಗದ ವ್ಯಾಖ್ಯಾನವನ್ನು ಹಾಗೆಯೇ ಉಳಿಸಿಕೊಂಡರು. 2006ರ ಪರಿಷ್ಕರಣೆಯಲ್ಲಿಯೂ ಅದು ಉಳಿಯಿತು. ಇಂದು ಲೋಕದ ಅಸಂಖ್ಯ ಕಚೇರಿಗಳ, ವಿಶ್ವವಿದ್ಯಾಲಯಗಳ ಡೈರೆಕ್ಟರಿಗಳು ಮಾತನಾಡುವುದು ಈ ಭಾಷೆಯನ್ನು. ಅದರಲ್ಲಿ 'ಇನಿಷಿಯಲ್ಸ್' ಎಂಬ ಗುಣವೂ ಇದೆ. ಓದಿದೊಡನೆ ನನಗೆ ಸಂತೋಷವಾಯಿತು, ನಮ್ಮವರ ನೆನಪು ಯಾರಿಗೋ ಬಂದಿತ್ತಲ್ಲ ಎಂದು. ವಿವರಣೆ ಓದಿದಾಗ ಆ ಸಂತೋಷ ಇಳಿಯಿತು. ಕುಲನಾಮವೊಂದನ್ನು ಬಿಟ್ಟು ವ್ಯಕ್ತಿಯ ಉಳಿದ ಹೆಸರುಗಳ ಮೊದಲಕ್ಷರಗಳು ಎಂಬುದು ಅದರ ಅರ್ಥ. ನಮ್ಮಲ್ಲಿ ಇರುವುದು ಇದಕ್ಕೆ ಸರಿಯಾಗಿ ತಿರುಗುಮುರುಗು.

ಆರ್.ಕೆ. ನಾರಾಯಣ್ ಅವರನ್ನೇ ತೆಗೆದುಕೊಳ್ಳೋಣ. 1906ರಲ್ಲಿ ಮದ್ರಾಸಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಬಾಳಿ, 2001ರಲ್ಲಿ ಚೆನ್ನೈನಲ್ಲಿಯೇ ತೀರಿಕೊಂಡ ಲೇಖಕ. ರಾಶಿಪುರಂ ಊರು, ಕೃಷ್ಣಸ್ವಾಮಿ ತಂದೆ, ಆಮೇಲೆ ತಾವು. ಇಂಗ್ಲಿಷ್ ಓದುಗರ ಅನುಕೂಲಕ್ಕಾಗಿ ಹೆಸರನ್ನು ಮೊಟಕುಗೊಳಿಸಲು ಸಲಹೆಯಿತ್ತವರು ಗ್ರಹಾಂ ಗ್ರೀನ್. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನಾನು ಅವರ ಕಾದಂಬರಿಗಳನ್ನು ಹುಡುಕುತ್ತಿದ್ದುದು 'ನಾರಾಯಣ್, ಆರ್.ಕೆ.' ಎಂಬ ಚೀಟಿಯ ಕೆಳಗೆ, ನಾರಾಯಣ್ ಎಂಬುದು ಅವರ ಮನೆತನವೋ ಎಂಬಂತೆ. ಅವರ ತಮ್ಮ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರ ಚೀಟಿ ಬೇರೆಲ್ಲೋ, 'ಲ' ಅಕ್ಷರದ ಡ್ರಾಯರಿನಲ್ಲಿ. ಒಡಹುಟ್ಟಿದ ಇಬ್ಬರ ಕುಲನಾಮ ಬೇರೆ ಬೇರೆಯಾಯಿತು. ಇಬ್ಬರನ್ನೂ ಒಂದೇ ಮನೆಯವರೆಂದು ಸಾರುವ 'ಆರ್.ಕೆ.' ಎಂಬ ಅಕ್ಷರಗಳು ಹಿಂದಿನ ಸಾಲಿಗೆ ಸರಿದವು. ಅವರ ಮನೆತನ ಇದ್ದದ್ದೇ ಇನಿಷಿಯಲ್ಲಿನಲ್ಲಿ.

1912ರ ಮಾರ್ಚ್ 1ರಂದು ಮದ್ರಾಸು ಪೋರ್ಟ್ ಟ್ರಸ್ಟಿನಲ್ಲಿ ಗುಮಾಸ್ತರಾಗಿ ಸೇರಿದ ಎಸ್. ರಾಮಾನುಜನ್ ಅವರ ಕಥೆ ಇನ್ನೂ ಸ್ವಾರಸ್ಯಕರ. ಲೋಕವೆಲ್ಲ ಅವರನ್ನು ಶ್ರೀನಿವಾಸ ರಾಮಾನುಜನ್ ಎಂದು ಕರೆಯುತ್ತದೆ. ಶ್ರೀನಿವಾಸ ಎಂಬುದು ಅವರ ತಂದೆಯ ಹೆಸರು. ಇಂದು ಅವರನ್ನು ಡೈರೆಕ್ಟರಿಗೆ ಸೇರಿಸಿದರೆ ಬರುವ ಮೊದಲ ಮಿಂಚಂಚೆ 'ಪ್ರಿಯ ಶ್ರೀನಿವಾಸ' ಎಂದೇ ಆರಂಭವಾದೀತು.

ಕನ್ನಡಿಗರ ಮಟ್ಟಿಗೆ ಸಮಸ್ಯೆ ಇನ್ನೂ ಜಟಿಲ. ಒಂದೇ ನುಡಿಯೊಳಗೆ ಎರಡು ಕ್ರಮಗಳಿವೆ. ವಿನಾಯಕ ಕೃಷ್ಣ ಗೋಕಾಕ ಎಂಬಲ್ಲಿ ತಾವು, ತಂದೆ, ಮನೆತನ ಎಂಬುದು ಅನುಕ್ರಮ. ಅರ್ಜಿಯ ಮೂರು ಅಂಕಣಗಳಿಗೆ ಅಳೆದು ಹೊಲಿದಂತೆ ಕೂರುತ್ತದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಊರು, ತಂದೆ, ತಾವು. ಅದೇ ಸ್ಕ್ರಿಪ್ಟಿಗೆ ಈ ಹೆಸರು ಕೊಟ್ಟು ನೋಡಿ: ಮೊದಲ ಹೆಸರು ಕುಪ್ಪಳಿ, ಕುಲನಾಮ ಪುಟ್ಟಪ್ಪ. ಒಂದು ಊರು ಮನುಷ್ಯನಾಗಿ, ಮನುಷ್ಯ ಒಂದು ವಂಶವಾಗುತ್ತಾನೆ. 1956ರವರೆಗೆ ಮದ್ರಾಸಿಗೇ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಅಳಿಯಸಂತಾನದ ಮನೆಗಳಲ್ಲಿ ವಂಶ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಅಲ್ಲಿ ಇನಿಷಿಯಲ್ಲೆಂದರೆ ತಂದೆಯೇ ಎಂದು ಕಣ್ಣು ಮುಚ್ಚಿಕೊಂಡು ಬಿಡಿಸಿ ಬರೆಯುವಂತೆಯೂ ಇಲ್ಲ.

ಇಷ್ಟರವರೆಗೆ ಇದು ರೂಢಿಗಳ ಭಿನ್ನತೆಯ ಮಾತು. ತಮಿಳುನಾಡಿನಲ್ಲಿ ಅದಕ್ಕೊಂದು ರಾಜಕೀಯ ಚರಿತ್ರೆಯೂ ಇದೆ. 1929ರ ಫೆಬ್ರವರಿಯಲ್ಲಿ ಚೆನ್ನೈಗೆ ಸಮೀಪದ ಚೆಂಗಲ್ಪಟ್ಟಿನಲ್ಲಿ ನಡೆದ ಸ್ವಾಭಿಮಾನ ಚಳವಳಿಯ ಪ್ರಾಂತೀಯ ಸಮ್ಮೇಳನ, ಹೆಸರಿನ ತುದಿಗೆ ಅಂಟಿಕೊಂಡ ಜಾತಿಸೂಚಕ ಪದಗಳನ್ನು ಕಿತ್ತೊಗೆಯುವಂತೆ ಜನರಿಗೆ ಕರೆಕೊಟ್ಟಿತು. ಈರೋಡಿನ ಕನ್ನಡ ಮನೆಮಾತಿನ ಕುಟುಂಬದಿಂದ ಬಂದ ಇ.ವೆ. ರಾಮಸಾಮಿ ಅವರು, ಅಂದರೆ ಪೆರಿಯಾರ್, ತಮ್ಮ ಹೆಸರಿನ 'ನಾಯ್ಕರ್' ಎಂಬುದನ್ನು ಬಿಟ್ಟರು. ಮುಂದಿನ ಎರಡು ತಲೆಮಾರುಗಳಲ್ಲಿ ಮುದಲಿಯಾರ್, ಪಿಳ್ಳೈ, ಅಯ್ಯರ್, ನಾಡಾರ್ ಮೊದಲಾದ ಬಾಲಗಳು ಶಾಲಾ ದಾಖಲೆಗಳಿಂದ ಬಹುಮಟ್ಟಿಗೆ ಮರೆಯಾದವು. ಉಳಿದದ್ದು ತಂದೆಯ ಹೆಸರಿನ ಒಂದಕ್ಷರ ಮತ್ತು ತನ್ನ ಹೆಸರು. ಊರಿನ ಬಡಾವಣೆಗಳೂ ಇದನ್ನೇ ಅನುಸರಿಸಿದಂತಿವೆ. ನಮ್ಮ ಕನ್ನಡಿಗರು ಸೀರೆ ಕೊಳ್ಳಲು ಹೋಗುವ ಟಿ. ನಗರಕ್ಕೆ ಆ ಹೆಸರು ಬಂದದ್ದು ಜಸ್ಟಿಸ್ ಪಕ್ಷದ ತ್ಯಾಗರಾಯ ಚೆಟ್ಟಿಯವರಿಂದ. ಚೆಟ್ಟಿ ಎಂಬುದಂತೂ ಅಲ್ಲಿಲ್ಲ. ತ್ಯಾಗರಾಯರೂ ಒಂದಕ್ಷರಕ್ಕೆ ಇಳಿದಿದ್ದಾರೆ.

ಹಾಗಾದರೆ ನನ್ನ ಪಟ್ಟಿಯಲ್ಲಿ ಖಾಲಿ ಇದ್ದ ಅಂಕಣ ಮಾಹಿತಿಯ ಕೊರತೆಯಿಂದ ಖಾಲಿ ಇದ್ದದ್ದಲ್ಲ. ಅದನ್ನು ಖಾಲಿ ಮಾಡಲಾಗಿತ್ತು. ಯಾರೋ ಅಜ್ಜ ಅದನ್ನು ಬೇಕೆಂದೇ ಅಳಿಸಿದ್ದ. ಆ ಜಾಗದಲ್ಲಿ ಏನಾದರೂ ತುಂಬು ಎಂದು ಯಂತ್ರ ಮೊಮ್ಮಗಳನ್ನು ಕೇಳುತ್ತಿತ್ತು.

ನಾವು ತುಂಬಿದೆವು. ಮೊದಲು ಒಂದು ಚುಕ್ಕಿ ಇಟ್ಟೆವು. ಡೈರೆಕ್ಟರಿ ಒಪ್ಪಿತು, ಅದರಿಂದ ಓದುವ ಹಾಜರಿಯ ವ್ಯವಸ್ಥೆ ಒಪ್ಪಲಿಲ್ಲ. ಹೆಸರನ್ನೇ ಎರಡು ಸಲ ಬರೆದೆವು. ಗುರುತಿನ ಚೀಟಿಗಳು ಮುರುಗನ್ ಮುರುಗನ್ ಎಂಬ ಮಾದರಿಯಲ್ಲಿ ಮುದ್ರಣವಾಗಿ ಊಟದ ವೇಳೆಯ ನಗೆಪಾಟಲಾಯಿತು. ಕನ್ನಡದಲ್ಲಿ, ತಮಿಳಿನಲ್ಲಿ ಬರೆದು ನೋಡೋಣವೆಂದರೆ, ಆಮದಿನ ಕಡತದಲ್ಲಿ ಇಂಗ್ಲಿಷೇತರ ಲಿಪಿಯನ್ನು ನೇರವಾಗಿ ಇಡುವಂತಿಲ್ಲ; ಬೇಸ್64 ಎಂಬ ಸಂಕೇತಕ್ಕೆ ತಿರುಗಿಸಬೇಕು. ನನ್ನ ಹೆಸರು ರೋಮನ್ ಅಕ್ಷರ, ಅಂಕಿಗಳ ಗೋಜಲಾಗಿ, ಕಡೆಗೊಂದು ಸಮ ಚಿಹ್ನೆ ಹೊತ್ತು ಕೂತದ್ದನ್ನು ನೋಡಿ ಆ ಪ್ರಯತ್ನವನ್ನು ಬಿಟ್ಟೆ. ಕೊನೆಗೆ ಉಪಾಯ ಹೊಳೆದದ್ದು ನನಗೇ. ಇನಿಷಿಯಲ್ಲನ್ನು ಬಿಡಿಸಿ ತಂದೆಯ ಹೆಸರನ್ನು ಕುಲನಾಮದ ಅಂಕಣಕ್ಕೆ ಹಾಕೋಣ ಎಂದೆ. ತರ್ಕ ಸರಿಯಾಗಿಯೇ ಇತ್ತು. ಸ್ಕ್ರಿಪ್ಟಿಗೆ ಒಂದು ಸಾಲು ಸೇರಿತು. ಎಲ್ಲರೂ ಒಳಗೆ ಹೋದರು.

ಆ ಹೊತ್ತಿಗೆ ಸ್ಕ್ರಿಪ್ಟು ಬರೆಯುವುದು ಯೂನಿಕ್ಸ್ ಬಲ್ಲವರ ಗುಟ್ಟಾಗಿ ಉಳಿದಿರಲಿಲ್ಲ. 2000ದಲ್ಲಿ ಮೈಕ್ರೋಸಾಫ್ಟ್ ತಂದ ಆಕ್ಟಿವ್ ಡೈರೆಕ್ಟರಿ, ಎಲ್‌ಡ್ಯಾಪ್ ನುಡಿಯನ್ನೇ ಆಡಿದರೂ ಕುಲನಾಮದ ಕಡ್ಡಾಯವನ್ನು ಸಡಿಲಿಸಿತ್ತು. ಅದರ ಇನಿಷಿಯಲ್ ಅಂಕಣಕ್ಕೆ 6 ಅಕ್ಷರಗಳ ಮಿತಿ. ಅದರ ಸ್ಥಾನವೂ ಮೊದಲ ಹೆಸರಿಗೂ ಕೊನೆಯ ಹೆಸರಿಗೂ ನಡುವೆ, ಅಮೆರಿಕದವರ ಪದ್ಧತಿಯಂತೆ. 2006ರಲ್ಲಿ ಜೆಫ್ರಿ ಸ್ನೋವರ್ ಅವರ ಕಲ್ಪನೆಯ ಪವರ್‌ಶೆಲ್ ಬಂತು. ಎಕ್ಸೆಲ್ ಹಾಳೆಯನ್ನು ಅಲ್ಪವಿರಾಮಗಳ ಕಡತವಾಗಿ ಉಳಿಸಿ, ಒಂದು ಆಜ್ಞೆಯಿಂದ ಓದಿಸಿ, ಇನ್ನೊಂದರಿಂದ ಸಾವಿರ ಬಳಕೆದಾರರನ್ನು ಸೃಷ್ಟಿಸಬಹುದಾಯಿತು. ಮೋಡದ ಸೇವೆಗಳು ಬಂದ ಮೇಲೆ ಕಚೇರಿಯ ಡೈರೆಕ್ಟರಿಗೂ ಮೋಡದ ಡೈರೆಕ್ಟರಿಗೂ ನಿತ್ಯ ಹೊಂದಾಣಿಕೆ ಬೇಕಾಯಿತು. ಮೈಕ್ರೋಸಾಫ್ಟಿನ ಸಮನ್ವಯ ತಂತ್ರಾಂಶ ಬದಲಾದಷ್ಟನ್ನು ಮಾತ್ರ 30 ನಿಮಿಷಗಳಿಗೊಮ್ಮೆ ಒಯ್ಯುತ್ತದೆ. ಆತುರವಿದ್ದವರು ಆಜ್ಞೆ ಕೊಟ್ಟು ಕೂಡಲೇ ಓಡಿಸಬಹುದು. ಒಂದೇ ಸಲಕ್ಕೆ 500ಕ್ಕಿಂತ ಹೆಚ್ಚು ದಾಖಲೆ ಅಳಿಸುವ ಸಂದರ್ಭ ಬಂದರೆ ಅದು ತಾನಾಗಿ ನಿಲ್ಲುತ್ತದೆ. ಸ್ಕ್ರಿಪ್ಟಿನ ಒಂದು ಸಾಲಿನ ತಪ್ಪಿನಿಂದ ಇಡೀ ಸಂಸ್ಥೆ ಮಾಯವಾಗಬಾರದೆಂಬ ಎಚ್ಚರ. ತಪ್ಪು ಒಬ್ಬರಿಗೆ ಮಾತ್ರ ಸಂಬಂಧಿಸಿದ್ದಾದರೆ ಅದನ್ನು ತಡೆಯುವ ಬಾಗಿಲು ಇಲ್ಲ.

ನಮ್ಮಲ್ಲಿ ಆದದ್ದು ಒಬ್ಬರಿಗೆ ಮಾತ್ರ. ಹಿರಿಯ ಮಹಿಳಾ ಸಹೋದ್ಯೋಗಿಯೊಬ್ಬರ ಸೇವಾ ಪುಸ್ತಕದಲ್ಲಿ ಅವರು ಕೆಲಸಕ್ಕೆ ಸೇರಿದಾಗಿನ ಇನಿಷಿಯಲ್, ಎಂದರೆ ತಂದೆಯದು. ಮದುವೆಯ ಬಳಿಕ ಇಲ್ಲಿನ ಅನೇಕ ಹೆಂಗಸರಂತೆ ಅವರೂ ಗಂಡನ ಹೆಸರಿನ ಮೊದಲಕ್ಷರಕ್ಕೆ ಬದಲಾಯಿಸಿಕೊಂಡಿದ್ದರು. ಬ್ಯಾಂಕಿನಲ್ಲಿ, ಪಡಿತರ ಚೀಟಿಯಲ್ಲಿ ಅದೇ ಇತ್ತು. ಸಂಬಳದ ಪಟ್ಟಿ ಬ್ಯಾಂಕಿನ ಹೆಸರನ್ನು ಹಿಡಿದುಕೊಂಡಿತ್ತು, ಡೈರೆಕ್ಟರಿ ಸೇವಾ ಪುಸ್ತಕದ್ದನ್ನು. ಇನಿಷಿಯಲ್ಲು ಒಂದಕ್ಷರವಾಗಿದ್ದಷ್ಟು ದಿನ ಗುಮಾಸ್ತರ ಕಣ್ಣು ಇದನ್ನು ನುಂಗಿಕೊಂಡಿತ್ತು, ಎಲ್ಲರಿಗೂ ಅವರು ಯಾರೆಂದು ಗೊತ್ತಿತ್ತಲ್ಲ. ನಾನು ಬಿಡಿಸಿ ಬರೆದೊಡನೆ ಒಂದು ಕಡೆ ತಂದೆ, ಇನ್ನೊಂದು ಕಡೆ ಗಂಡ ಕುಲನಾಮಗಳಾಗಿ ನಿಂತರು. ಹೆಸರಿನಿಂದ ಜೋಡಿಸುವ ನಿಯಮಕ್ಕೆ ಇಬ್ಬರು ಮಹಿಳೆಯರು ಕಾಣಿಸಿದರು: ಸಂಬಳವಿದ್ದು ಹಾಜರಿಯಿಲ್ಲದ ಒಬ್ಬರು, ಹಾಜರಿಯಿದ್ದು ಸಂಬಳವಿಲ್ಲದ ಇನ್ನೊಬ್ಬರು. ಆ ತಿಂಗಳ ಅವರ ವೇತನ ತಡೆಹಿಡಿಯಲ್ಪಟ್ಟಿತು. ಅವರ ಗಂಡ ಆಗ ಆಸ್ಪತ್ರೆಯಲ್ಲಿದ್ದರು.

ತಿದ್ದುವುದು ಸುಲಭವೆಂದುಕೊಂಡಿದ್ದೆ. ಯಾವುದನ್ನು ತಿದ್ದಬೇಕು? ಸೇವಾ ಪುಸ್ತಕದ ಹೆಸರನ್ನು ಬದಲಿಸಬೇಕಾದರೆ ಕೇಂದ್ರ ನೌಕರರು ಪತ್ರ ಬರೆದುಕೊಟ್ಟು, ವೃತ್ತಪತ್ರಿಕೆಯಲ್ಲಿ ಜಾಹೀರಾತು ನೀಡಿ, ಭಾರತದ ರಾಜಪತ್ರದಲ್ಲಿ ಪ್ರಕಟಿಸಬೇಕು. ಬ್ಯಾಂಕಿನದನ್ನು ಬದಲಿಸಬೇಕಾದರೆ ಅವರು ಮೂರು ದಶಕಗಳ ಸಂಸಾರದ ಗುರುತನ್ನು ಹಿಂದಕ್ಕೆ ಒಯ್ಯಬೇಕು. ಎರಡೂ ಬೇಡ, ಹೆಸರಿನಿಂದ ಜೋಡಿಸುವುದನ್ನೇ ಬಿಟ್ಟು ನೌಕರರ ಸಂಖ್ಯೆಯಿಂದ ಜೋಡಿಸೋಣ ಎಂದದ್ದು ಆ ಗುತ್ತಿಗೆಯ ಹುಡುಗ. ಈ ಶಾಸ್ತ್ರದಲ್ಲಿ ಅದಕ್ಕೆ ಲಂಗರು ಎನ್ನುತ್ತಾರೆ: ಹೆಸರು, ವಿಳಾಸ, ಹುದ್ದೆ ಏನೇ ಬದಲಾದರೂ ಬದಲಾಗದ ಒಂದು ಗುರುತು. ಅವನು ಅದನ್ನು ಮೊದಲ ದಿನವೇ ಹೇಳಿದ್ದನಂತೆ. ಸಂಖ್ಯೆಯಿಂದ ಮನುಷ್ಯರನ್ನು ಗುರುತಿಸುವುದು ನನಗೆ ಅಂದು ಅಮಾನವೀಯವೆನಿಸಿತ್ತು. ಸಾಹಿತ್ಯದ ವಿದ್ಯಾರ್ಥಿಯ ಈ ಸಂವೇದನೆಯ ಬೆಲೆಯನ್ನು ತೆತ್ತವರು ಬೇರೊಬ್ಬರು.

ಇಂತಹ ಅನುಭವ ಆಗ ಕಚೇರಿಯ ಗೋಡೆಗಳಾಚೆ ಇಡೀ ದಕ್ಷಿಣಕ್ಕೆ ಆಗುತ್ತಿತ್ತು. ಆಧಾರಿನಲ್ಲಿ ಹೆಸರಿಗೆ ಇರುವುದು ಒಂದೇ ಅಂಕಣ, ಹಳೆಯ ಯೂನಿಕ್ಸಿನಂತೆ. ಪ್ಯಾನ್ ಅರ್ಜಿಯಲ್ಲಿ ಮೂರು: ಕೊನೆಯದು, ಮೊದಲಿನದು, ನಡುವಿನದು, ಮೊದಲ ಮತ್ತು ಕೊನೆಯ ಹೆಸರುಗಳನ್ನು ಸಂಕ್ಷೇಪಿಸುವಂತಿಲ್ಲ. 2017ರ ಜುಲೈ 1ರಿಂದ ಆದಾಯ ತೆರಿಗೆ ಕಾಯಿದೆಯ 139ಎಎ ಕಲಮಿನಂತೆ ಎರಡನ್ನೂ ಜೋಡಿಸಬೇಕಾದಾಗ, ಆಧಾರಿನಲ್ಲಿ ಒಂದಕ್ಷರ, ಪ್ಯಾನಿನಲ್ಲಿ ತಂದೆಯ ಪೂರ್ಣ ಹೆಸರು ಇದ್ದವರು ಸಾಲುಗಟ್ಟಿ ನಿಂತರು. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರುಳ್ಳ ಪ್ರಯಾಣಿಕರಿಗೆ ಪ್ರವೇಶವಿಲ್ಲ ಎಂದಿತು. ಎರಡನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕು ಎಂದು ಬಳಿಕ ಸಡಿಲಿಸಿತು. ಇನಿಷಿಯಲ್ಲು ಯಾವ ಲಿಪಿಯದು ಎಂಬ ಪ್ರಶ್ನೆ ಬೇರೆ. ತಮಿಳಿನಲ್ಲಿ ಮು.ಕ. ಸ್ಟಾಲಿನ್, ಇಂಗ್ಲಿಷಿನಲ್ಲಿ ಎಂ.ಕೆ.; ಸರ್ಕಾರಿ ದಾಖಲೆಗಳಲ್ಲಿ ತಮಿಳು ಹೆಸರಿಗೆ ತಮಿಳಿನ ಅಕ್ಷರವನ್ನೇ ಇನಿಷಿಯಲ್ಲಾಗಿ ಬಳಸಬೇಕೆಂದು 2021ರ ಡಿಸೆಂಬರಿನಲ್ಲಿ ಇಲ್ಲಿನ ರಾಜ್ಯ ಸರ್ಕಾರ ಆದೇಶಿಸಿತು. ನಮ್ಮಲ್ಲಿ ದ.ರಾ. ಬೇಂದ್ರೆ, ಅ.ನ.ಕೃ. ಆ ದಾರಿ ಹಿಡಿದರು, ಬಿ.ಎಂ.ಶ್ರೀ., ಡಿ.ವಿ.ಜಿ. ಇಂಗ್ಲಿಷ್ ಅಕ್ಷರಗಳಲ್ಲಿಯೇ ಕನ್ನಡಿಗರಾಗಿ ಉಳಿದರು.

ಈಗ ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಮಿಂಚಂಚೆ, 1996ರಲ್ಲಿ ಆರಂಭವಾಗಿ ಇದೇ ಚೆನ್ನೈನಲ್ಲಿ ಬೆಳೆದ ಜೋಹೋ ಸಂಸ್ಥೆಯ ವೇದಿಕೆಗೆ ಸ್ಥಳಾಂತರಗೊಂಡಿರುವ ಸುದ್ದಿಯನ್ನು 2025ರಲ್ಲಿ ಓದಿದೆವು. ಇನಿಷಿಯಲ್ಲಿನ ಊರಿನಲ್ಲಿ ಕುಳಿತು ಡೈರೆಕ್ಟರಿ ಬರೆಯುವವರು ಆ ಅಂಕಣವನ್ನು ಹೇಗೆ ಕಾಣುತ್ತಾರೆಂಬ ಕುತೂಹಲ ನನಗಿದೆ.

ಆ ಸಹೋದ್ಯೋಗಿಯ ವೇತನ ಮರುತಿಂಗಳು ಒಟ್ಟಿಗೆ ಬಂತು. ನಾನು ಕ್ಷಮೆ ಕೇಳಲು ಹೋದಾಗ, ಕುಲನಾಮದ ಅಂಕಣಕ್ಕೆ ಏನು ಹಾಕಲಿ ಎಂದು ಅವರನ್ನೇ ಕೇಳಿದೆ. ಅಷ್ಟು ದಿನ ಯಾರಿಗೂ ಹೊಳೆಯದ ಪ್ರಶ್ನೆ ಅದು. ಸ್ವಲ್ಪ ಯೋಚಿಸಿ, "ನನ್ನ ಹೆಸರನ್ನೇ ಹಾಕಿ, ಅಕ್ಷರ ಯಾರದೂ ಬೇಡ" ಎಂದರು. ಉಳಿದವರನ್ನೂ ಒಬ್ಬೊಬ್ಬರನ್ನಾಗಿ ಕೇಳುತ್ತ ಹೋದೆ. ಕೆಲವರು ತಂದೆಯ ಹೆಸರೇ ಇರಲಿ ಎಂದರು, ಕೆಲವರು ಊರಿನದು ಎಂದರು, ಒಬ್ಬರು ತಾಯಿಯದು. ಆ ಉತ್ತರಗಳನ್ನೆಲ್ಲ ನೌಕರರ ಸಂಖ್ಯೆಯ ಎದುರಿಗೆ ಒಂದು ಪುಟ್ಟ ಕಡತದಲ್ಲಿ ಬರೆದಿಟ್ಟೆವು. ಸ್ಕ್ರಿಪ್ಟು ಬೇರೇನನ್ನು ನೋಡುವ ಮೊದಲು ಅದನ್ನು ಓದುತ್ತದೆ. ಎರಡು ವರ್ಷಗಳ ಬಳಿಕ ನನಗೆ ವರ್ಗವಾದಾಗ ಉತ್ತರಾಧಿಕಾರಿ ಪಟ್ಟಿ ಮಾಡುತ್ತ ಬಂದು, ಯಾವ ಸುತ್ತೋಲೆಯಲ್ಲಿಯೂ ಇಲ್ಲದ ಈ ಕಡತ ಯಾತಕ್ಕೆ, ಅಳಿಸಲೇ ಎಂದು ಕೇಳಿದರು. ಕುರ್ಚಿ ಎಳೆದುಕೊಂಡು ಕೂತೆ. ಹಸ್ತಾಂತರದ ಉಳಿದ ಕೆಲಸ ಅಂದು ಆಗಲಿಲ್ಲ.